ಹಸಿ ದುಃಖ, ಒಣ ದುಃಖ

ಸಾವು ಸಂಭವಿಸಿದ ಮನೆಗೆ ಮಾತನಾಡಿಸಲು ಹೋಗುವಾಗ ನಮ್ಮಲ್ಲಿ ಅನೇಕರ ಕಾಲು ಹೊಸ್ತಿಲ ಬಳಿ ಒಂದು ಕ್ಷಣ ತಡೆಯುತ್ತದೆ. ಒಳಗೆ ಹೋಗಿ ಏನೆಂದು ಹೇಳುವುದು? ಆ ವೇಳೆಗೆ ನಮ್ಮ ನಾಲಗೆಯ ಮೇಲೆ ಸಾಮಾನ್ಯವಾಗಿ ಎರಡು ಮಾತುಗಳು ಸಿದ್ಧವಾಗಿರುತ್ತವೆ. “ಆದದ್ದು ಆಗಿಹೋಯಿತು, ಇನ್ನು ಅದನ್ನು ಮನಸ್ಸಿಗೆ ತಂದುಕೊಳ್ಳಬೇಡಿ” ಎಂಬುದೊಂದು. “ಒಳಗೇ ಇಟ್ಟುಕೊಳ್ಳಬೇಡಿ, ಎಲ್ಲವನ್ನೂ ಹೇಳಿ ಅತ್ತುಬಿಡಿ” ಎಂಬುದಿನ್ನೊಂದು. ಮೊದಲನೆಯದು ಹಿರಿಯರಿಂದ ಬಂದ ಉಪದೇಶ. ಎರಡನೆಯದು ಮನಶ್ಶಾಸ್ತ್ರದ ಪುಸ್ತಕಗಳನ್ನು ಅಷ್ಟಿಷ್ಟು ಓದಿದವರ ಉಪದೇಶ. ಎರಡೂ ಒಳ್ಳೆಯ ಮನಸ್ಸಿನಿಂದಲೇ ಹೊರಟವು. ಆದರೆ ಎರಡಕ್ಕೂ ಒಂದೇ ದೋಷವುಂಟು: ದುಃಖವು ಬೇಗ ಮುಗಿಯಲೆಂಬ ಅವಸರ. ಈ ಅವಸರವು ದುಃಖಿತನದಲ್ಲ. ಎದುರಿಗೆ ಕುಳಿತು ನೋಡಲಾರದ ನಮ್ಮದು.

ಮನಸ್ಸಿಗೆ ಆದ ಗಾಯವು ಹೇಗೆ ಮಾಯುತ್ತದೆ, ಅದಕ್ಕೆ ಯಾವುದು ನೆರವು, ಯಾವುದು ಅಡ್ಡಿ ಎಂಬುದೇ ಇಂದಿನ ವಿಷಯ. ಗಾಯವೆಂದರೆ ಮರಣವೊಂದೇ ಅಲ್ಲ. ಯುದ್ಧ, ಬೆಂಕಿ, ಪ್ರವಾಹ, ರಸ್ತೆಯ ಅಪಘಾತ, ಒಂದು ರಾತ್ರಿಯಲ್ಲಿ ಮನೆಮಠವನ್ನು ಕಳೆದುಕೊಳ್ಳುವುದು, ಇವೆಲ್ಲವೂ ಅದರಲ್ಲಿ ಸೇರಿದವೇ.

ವಿಷಯವನ್ನು ಪ್ರವೇಶಿಸಲು ನಾವು ದೂರ ಹೋಗಬೇಕಾಗಿಲ್ಲ. ಮೈಸೂರು ಸೀಮೆಗೆ ದಕ್ಷಿಣದಲ್ಲಿ ಅಂಟಿಕೊಂಡಿರುವ ನೀಲಗಿರಿಯವರೆಗೆ ಹೋದರೆ ಸಾಕು. ಅಲ್ಲಿ ಎಮ್ಮೆಗಳನ್ನು ಸಾಕಿಕೊಂಡು ಬಾಳುವ ತೊದವರೆಂಬ ಜನರಿದ್ದಾರೆ. ೧೯೦೧ರಲ್ಲಿ ಡಬ್ಲ್ಯು. ಎಚ್. ಆರ್. ರಿವರ್ಸ್ ಎಂಬ ಇಂಗ್ಲಿಷ್ ವೈದ್ಯನು ಅವರ ನಡುವೆ ಕೆಲವು ತಿಂಗಳು ಇದ್ದು, ಅವರ ಆಚಾರವ್ಯವಹಾರಗಳನ್ನು ವಿಚಾರಿಸಿ, ೧೯೦೬ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಆತನು ಬಹು ವಿಸ್ತಾರವಾಗಿ ವರ್ಣಿಸಿರುವ ಸಂಗತಿಗಳಲ್ಲಿ ಅವರ ಉತ್ತರಕ್ರಿಯೆಯೂ ಒಂದು. ತೊದವರಲ್ಲಿ ಸತ್ತವನಿಗೆ ಎರಡು ಬಾರಿ ಕ್ರಿಯೆ ನಡೆಯುತ್ತಿದ್ದಿತು. ಸತ್ತ ಕೆಲವು ದಿನಗಳಲ್ಲಿ ದೇಹವನ್ನು ದಹಿಸಿ, ಒಂದು ಕುಡಿ ಕೂದಲನ್ನೂ ತಲೆಯೋಡಿನ ಒಂದು ಚೂರನ್ನೂ ಉಳಿಸಿಟ್ಟುಕೊಳ್ಳುತ್ತಿದ್ದರು. ತಿಂಗಳುಗಳು ಕಳೆದ ಬಳಿಕ ಬಂಧುಗಳೆಲ್ಲ ಮತ್ತೆ ನೆರೆದು ಆ ಅವಶೇಷಗಳಿಗೆ ಎರಡನೆಯ ಸಲ ಸಂಸ್ಕಾರ ಮಾಡುತ್ತಿದ್ದರು. ನೆರೆಯ ಬಡಗರು ತಮ್ಮ ನುಡಿಯಲ್ಲಿ ಮೊದಲನೆಯದನ್ನು ಹಸಿ ಕೇಡು ಎಂದೂ ಎರಡನೆಯದನ್ನು ಬರ ಕೇಡು, ಎಂದರೆ ಒಣ ಕೇಡು, ಎಂದೂ ಕರೆದರು. ಬಡಗರ ನುಡಿ ಕನ್ನಡಕ್ಕೆ ಒಡಹುಟ್ಟಿದುದಾದ್ದರಿಂದ ಈ ಹಸಿ ಎಂಬ ಮಾತನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಸಿ ಗಾಯವೆಂದರೇನೆಂದು ನಾವು ಬಲ್ಲೆವು.

ಅವರು ಅಳುವ ರೀತಿಯೂ ನೆನಪಿಡತಕ್ಕದ್ದು. ಇಬ್ಬಿಬ್ಬರು ಎದುರುಬದುರಾಗಿ ಕುಳಿತು, ಹಣೆಗೆ ಹಣೆಯನ್ನು ಒತ್ತಿ ಅಳುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಬೇರೊಬ್ಬರ ಬಳಿಗೆ ಹೋಗಿ ಅವರ ಹಣೆಗೆ ಹಣೆಯನ್ನು ಚಾಚುತ್ತಾರೆ. ಅಲ್ಲಿ ಉಪದೇಶವಿಲ್ಲ.

ಇದೇ ರಿವರ್ಸನ ಹೆಸರು ಮತ್ತೆ ಕೇಳಿಬರುವುದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ. ಕಂದಕಗಳಲ್ಲಿ ತಿಂಗಳುಗಟ್ಟಲೆ ಫಿರಂಗಿಯ ಗುಂಡುಗಳಿಗೆ ಸಿಕ್ಕಿದ ಸೈನಿಕರಲ್ಲಿ ಅನೇಕರು, ಮೈಯಲ್ಲಿ ಗಾಯವಿಲ್ಲದಿದ್ದರೂ, ಮಾತು ನಿಂತು, ಕೈಕಾಲು ನಡುಗಿ, ನಿದ್ರೆ ಕೆಟ್ಟು ಆಸ್ಪತ್ರೆಗೆ ಬಂದರು. ಎಡಿನ್‌ಬರೊ ನಗರದ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಎಂಬಲ್ಲಿ ಇಂಥ ಅಧಿಕಾರಿಗಳಿಗಾಗಿ ಒಂದು ಆಸ್ಪತ್ರೆಯಿದ್ದಿತು. ೧೯೧೬ ಮತ್ತು ೧೯೧೭ರಲ್ಲಿ ರಿವರ್ಸನು ಅಲ್ಲಿ ವೈದ್ಯನಾಗಿದ್ದನು. ಅಲ್ಲಿಗೆ ಬಂದವರಿಗೆಲ್ಲ ಅದಕ್ಕೆ ಮುಂಚೆ ದೊರೆತಿದ್ದ ಸಲಹೆ ಒಂದೇ: ಯುದ್ಧವನ್ನು ಕುರಿತು ಯೋಚಿಸಬೇಡ, ಬೇರೆ ಕಡೆ ಮನಸ್ಸನ್ನು ತಿರುಗಿಸು. ಅವರು ಆಜ್ಞಾಧಾರಕರು, ಹಗಲೆಲ್ಲ ಶಕ್ತಿಮೀರಿ ಆ ನೆನಪನ್ನು ದೂಡುತ್ತಿದ್ದರು. ರಾತ್ರಿ ದೀಪವಾರಿದ ಕೂಡಲೆ ಅದು ಹಗಲು ತಡೆಹಿಡಿದ ಬಲದಿಂದಲೇ ನುಗ್ಗಿಬರುತ್ತಿದ್ದಿತು. ೧೯೧೭ರಲ್ಲಿ ಓದಿ ಮರುವರ್ಷ ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯಲ್ಲಿ ಅಚ್ಚಾದ ತನ್ನ ಲೇಖನದಲ್ಲಿ ರಿವರ್ಸನು, ಇವರ ನರಳಾಟದಲ್ಲಿ ಒಂದು ದೊಡ್ಡ ಪಾಲು ಯುದ್ಧದಿಂದ ಬಂದುದಲ್ಲ, ನೆನಪನ್ನು ಅದುಮುವ ಈ ಪ್ರಯತ್ನದಿಂದ ಬಂದುದು ಎಂದು ವಾದಿಸಿದನು.

ನಮ್ಮ ಹಳ್ಳಿಯ ಹಾಸ್ಯಗಾರನಿಗೆ ಇದು ಹೊಸ ಸಂಗತಿಯಲ್ಲ. ಮದ್ದು ಕುಡಿಯುವಾಗ ಮಂಗನನ್ನು ಮಾತ್ರ ನೆನೆಯಬೇಡವೆಂದು ಹೇಳಿದ ಪಂಡಿತನ ಕಥೆಯನ್ನು ಕೇಳದವರಾರು? ೧೯೮೭ರಲ್ಲಿ ಅಮೆರಿಕದ ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞನು ಮಂಗನ ಬದಲು ಬಿಳಿಯ ಕರಡಿಯನ್ನಿಟ್ಟುಕೊಂಡು ಇದನ್ನೇ ಪ್ರಯೋಗದಿಂದ ತೋರಿಸಿದನು. ಐದು ನಿಮಿಷ ಕರಡಿಯನ್ನು ನೆನೆಯಕೂಡದು, ನೆನಪಾದಾಗಲೆಲ್ಲ ಗಂಟೆ ಬಾರಿಸಬೇಕು ಎಂದು ಹೇಳಿದಾಗ ಗಂಟೆ ಬಾರಿಸುತ್ತಲೇ ಇದ್ದಿತು. ಅಷ್ಟೇ ಅಲ್ಲ, ಆಮೇಲೆ ನೆನೆಯಬಹುದೆಂದು ಅನುಮತಿ ಕೊಟ್ಟಾಗ, ಮೊದಲಿನಿಂದಲೂ ಧಾರಾಳವಾಗಿ ನೆನೆದವರಿಗಿಂತ ತಡೆದುಕೊಂಡಿದ್ದವರಿಗೇ ಕರಡಿಯ ಕಾಟ ಹೆಚ್ಚಾಯಿತು. ಕರಡಿಯ ಗತಿಯೇ ಹೀಗಾದರೆ ಸತ್ತ ಮಗುವಿನ ಮುಖದ ಗತಿಯೇನು?

ರಿವರ್ಸನು ಹೇಳುವ ಒಬ್ಬ ಅಧಿಕಾರಿಯ ವೃತ್ತಾಂತವನ್ನು ಇಲ್ಲಿ ತುಸು ವಿವರವಾಗಿಯೇ ಹೇಳಬೇಕು. ಆತನು ತನ್ನ ಸ್ನೇಹಿತನೊಬ್ಬನನ್ನು ಹುಡುಕಿಕೊಂಡು ಹೋದನು. ಸಿಕ್ಕಿದುದು ಸಿಡಿಗುಂಡಿನಿಂದ ಛಿದ್ರವಾಗಿ, ತಲೆ ಒಂದು ಕಡೆ ಕೈಕಾಲು ಒಂದು ಕಡೆ ಬಿದ್ದಿದ್ದ ದೇಹ. ಅಂದಿನಿಂದ ರಾತ್ರಿಯ ಹೊತ್ತು ಆ ಸ್ನೇಹಿತನು ಕನಸಿನಲ್ಲಿ ಬರುತ್ತಿದ್ದನು. ಮರೆಯಲು ಯತ್ನಿಸಿದಷ್ಟೂ ಕನಸು ಭಯಂಕರವಾಗುತ್ತ ಹೋಯಿತು. ರಿವರ್ಸನು ಆತನನ್ನು ಮರೆಯೆನ್ನಲಿಲ್ಲ. ನೆನಪನ್ನು ಎದುರಿಟ್ಟುಕೊಂಡು ನೋಡುವಂತೆ ಮಾಡಿದನು. ನೋಡುತ್ತ, ದೇಹವು ಹಾಗೆ ಛಿದ್ರವಾಗಿದ್ದುದೇ ಆ ಸ್ನೇಹಿತನು ಒಂದು ಕ್ಷಣದಲ್ಲಿ ಸತ್ತನೆಂಬುದಕ್ಕೆ, ಗಾಯಗೊಂಡು ದಿನಗಟ್ಟಲೆ ನರಳಿ ಸಾಯುವ ಸಂಕಟ ಆತನಿಗೆ ತಪ್ಪಿತೆಂಬುದಕ್ಕೆ ಪ್ರಮಾಣವೆಂದು ತೋರಿಸಿದನು. ಈ ಮಾತು ಆತನ ಮನಸ್ಸಿಗೆ ಹಿಡಿಯಿತು. ಕೆಲವು ರಾತ್ರಿ ಕನಸೇ ಬರಲಿಲ್ಲ. ಅನಂತರ ಒಂದು ರಾತ್ರಿ ಬಂದಿತು. ಕನಸಿನಲ್ಲಿ ಆತನು ಮತ್ತೆ ಸ್ನೇಹಿತನನ್ನು ಹುಡುಕಿಕೊಂಡು ಹೋದನು. ಅದೇ ದೇಹವನ್ನು ಕಂಡನು. ಆದರೆ ಈ ಸಲ ಪಕ್ಕದಲ್ಲಿ ಮೊಣಕಾಲೂರಿ, ಮನೆಯವರಿಗೆ ಕಳುಹಿಸಬಹುದಾದ ವಸ್ತುಗಳನ್ನು ಜೋಪಾನವಾಗಿ ತೆಗೆದುಕೊಂಡನು. ಭಯವಿರಲಿಲ್ಲ, ದುಃಖವಿದ್ದಿತು.

ಇಲ್ಲಿ ಗಮನಿಸಬೇಕಾದುದೇನೆಂದರೆ, ನೆನಪು ಹೋಗಲಿಲ್ಲ. ಅದೇ ಸ್ಥಳ, ಅದೇ ದೇಹ. ಬದಲಾದುದು ಆತನು ಅದರ ಮುಂದೆ ನಿಂತ ರೀತಿ. ನಾವು ಇದನ್ನು ಹಸಿ ದುಃಖವು ಒಣ ದುಃಖವಾದುದೆಂದು ಕರೆಯುತ್ತೇವೆ. ನೀಲಗಿರಿಯ ಮಾತನ್ನು ಇಲ್ಲಿಗೆ ತಂದವರು ನಾವು, ರಿವರ್ಸನಲ್ಲ. ಆದರೂ ಒಪ್ಪುತ್ತದೆಂದು ನಮ್ಮ ಭಾವನೆ.

ಪ್ರಾಮಾಣಿಕನಾದ ಆ ವೈದ್ಯನು ತನ್ನ ಉಪಾಯ ನಡೆಯದೆ ಹೋದ ಪ್ರಸಂಗವನ್ನೂ ಬಚ್ಚಿಡಲಿಲ್ಲ. ಇನ್ನೊಬ್ಬ ಅಧಿಕಾರಿಯು ಸಿಡಿಗುಂಡಿನ ರಭಸಕ್ಕೆ ಎಸೆಯಲ್ಪಟ್ಟು, ಕೊಳೆತ ಹೆಣವೊಂದರ ಮೇಲೆ ಮುಖವಡಿಯಾಗಿ ಬಿದ್ದಿದ್ದನು. ಆ ನೆನಪಿನಲ್ಲಿ ಸಮಾಧಾನದ ಒಂದು ಎಳೆಯನ್ನೂ ಕಾಣಲಾಗಲಿಲ್ಲ. ಹಳ್ಳಿಗಾಡಿನಲ್ಲಿ, ಯುದ್ಧವನ್ನು ನೆನಪಿಗೆ ತರುವ ಯಾವುದೂ ಇಲ್ಲದ ಕಡೆಯಲ್ಲಿ ಆತನಿಗೆ ಅಷ್ಟಿಷ್ಟು ನೆಮ್ಮದಿ ದೊರೆಯುತ್ತಿದ್ದಿತು. ಸೈನ್ಯವನ್ನು ಬಿಟ್ಟು ಅಲ್ಲಿಗೇ ಹೋಗೆಂದು ರಿವರ್ಸನು ಹೇಳಿದನು. ಎಲ್ಲ ಗಾಯಕ್ಕೂ ಒಂದೇ ಮುಲಾಮಿಲ್ಲ.

ಈ ಎರಡನೆಯ ಪ್ರಸಂಗವನ್ನು ಆಮೇಲಿನವರು ಮರೆತರೋ ಏನೋ. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ತಕ್ಕಡಿ ಪೂರ್ತಿಯಾಗಿ ಮತ್ತೊಂದು ಕಡೆಗೆ ವಾಲಿತು. ಅಪಘಾತವೋ ಬೆಂಕಿಯೋ ಆದೊಡನೆಯೇ, ಸಿಕ್ಕಿಬಿದ್ದವರನ್ನೆಲ್ಲ ಕೆಲವು ದಿನಗಳೊಳಗಾಗಿ ಕೂಡಿಸಿ, ಏನು ಕಂಡಿರಿ, ಏನು ಅನ್ನಿಸಿತು, ಯಾವುದು ಎಲ್ಲಕ್ಕಿಂತ ಘೋರವಾಗಿದ್ದಿತು ಎಂದು ಒಂದೊಂದಾಗಿ ಹೇಳಿಸುವ ಪದ್ಧತಿಯೊಂದು ೧೯೮೩ರಿಂದೀಚೆಗೆ ಅಮೆರಿಕದಿಂದ ಹೊರಟು ಬಹು ದೇಶಗಳಲ್ಲಿ ಹರಡಿತು. ಕೀವನ್ನು ಹೊರಕ್ಕೆ ಬಿಟ್ಟರೆ ಗಾಯ ಮಾಯುವುದೆಂಬ ತರ್ಕ. ಕೇಳುವುದಕ್ಕೆ ಸಮಂಜಸವಾಗಿಯೇ ಇದೆ. ಆದರೆ ಪರೀಕ್ಷಿಸಿ ನೋಡಿದವರಿಗೆ ಬೇರೆಯೇ ಕಂಡಿತು. ಬ್ರಿಟನ್ನಿನ ವೈದ್ಯರು ಸುಟ್ಟಗಾಯಗಳಿಂದ ಆಸ್ಪತ್ರೆಗೆ ಬಂದವರನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿ, ಒಂದು ಪಂಗಡದವರಿಂದ ಹೀಗೆ ಹೇಳಿಸಿದರು. ಇನ್ನೊಂದನ್ನು ಅದರ ಪಾಡಿಗೆ ಬಿಟ್ಟರು. ೧೯೯೭ರಲ್ಲಿ ಪ್ರಕಟವಾದ ಫಲ ಹೀಗಿದ್ದಿತು: ಹದಿಮೂರು ತಿಂಗಳ ಬಳಿಕ, ಹೇಳಿಸಿದವರಲ್ಲಿ ನೂರಕ್ಕೆ ೨೬ ಮಂದಿಗೆ ಆಘಾತದ ವ್ಯಾಧಿ ಉಳಿದಿದ್ದಿತು, ಬಿಟ್ಟವರಲ್ಲಿ ನೂರಕ್ಕೆ ೯ ಮಂದಿಗೆ ಮಾತ್ರ. ಮೊದಲ ಪಂಗಡದವರ ಸುಟ್ಟಗಾಯ ಪ್ರಾರಂಭದಲ್ಲಿಯೇ ಕೊಂಚ ಹೆಚ್ಚಾಗಿದ್ದಿತು. ಆದ್ದರಿಂದ ಈ ಒಂದು ಪರೀಕ್ಷೆಯ ಮೇಲೆಯೇ ತೀರ್ಪು ಕೊಡುವುದು ನ್ಯಾಯವಲ್ಲ. ಆದರೆ ೨೦೦೦ದಲ್ಲಿ ರಸ್ತೆ ಅಪಘಾತಕ್ಕೆ ಸಿಕ್ಕಿದವರನ್ನು ಮೂರು ವರ್ಷಗಳವರೆಗೆ ಹಿಂಬಾಲಿಸಿದ ಇನ್ನೊಂದು ಪರೀಕ್ಷೆಯೂ ಅದೇ ಕಡೆಗೆ ಬೆರಳು ತೋರಿಸಿತು. ಮೊದಲಿಗೆ ಹೆಚ್ಚು ಬೆದರಿದ್ದವರು, ಸುಮ್ಮನೆ ಬಿಟ್ಟಿದ್ದಲ್ಲಿ ತಾವಾಗಿ ಚೇತರಿಸಿಕೊಂಡರು. ಹೇಳಿಸಿದಲ್ಲಿ ಹಾಗೆಯೇ ಉಳಿದರು. ಕೊನೆಗೆ ೨೦೧೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಪದ್ಧತಿಯನ್ನು ಬಳಸಬಾರದೆಂದು ಸೂಚನೆ ಕೊಟ್ಟಿತು. ಸತ್ತವರ ಮನೆಯವರಿಗೆ, ಆ ದುಃಖಕ್ಕೆಂದೇ, ಮಂಪರು ತರಿಸುವ ನಿದ್ರೆಗುಳಿಗೆಗಳನ್ನು ಕೊಡಬಾರದೆಂಬುದೂ ಅದೇ ಸೂಚನೆಯಲ್ಲಿ ಸೇರಿದೆ.

ಇದನ್ನು ಓದುವಾಗ ನಮಗೆ ಹದಿನಾರನೆಯ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರಾಸ್ ಪಾರೆಯ ಕಥೆ ನೆನಪಾಗುತ್ತದೆ. ಆ ಕಾಲದಲ್ಲಿ ಬಂದೂಕಿನ ಗಾಯದಲ್ಲಿ ವಿಷವಿರುವುದೆಂದು ನಂಬಿ, ಕುದಿಯುವ ಎಣ್ಣೆಯನ್ನು ಗಾಯಕ್ಕೆ ಸುರಿಯುತ್ತಿದ್ದರು. ಇಟಲಿಯ ಒಂದು ದಂಡಯಾತ್ರೆಯಲ್ಲಿ ಪಾರೆಯ ಬಳಿ ಎಣ್ಣೆ ಮುಗಿದುಹೋಯಿತು. ವಿಧಿಯಿಲ್ಲದೆ ಮೊಟ್ಟೆಯ ಭಂಡಾರ, ಗುಲಾಬಿಯ ಎಣ್ಣೆ, ಟರ್ಪೆಂಟೈನ್‌ಗಳನ್ನು ಕಲಸಿ ಹಚ್ಚಿ, ಇವರೆಲ್ಲ ಬೆಳಗಾಗುವುದರೊಳಗೆ ಸತ್ತಿರುವರೆಂಬ ಹೆದರಿಕೆಯಿಂದ ನಿದ್ರೆಯಿಲ್ಲದೆ ಹೊರಳಾಡಿದನು. ಬೆಳಗ್ಗೆ ನೋಡಿದರೆ, ತಂಪು ಮುಲಾಮು ಹಚ್ಚಿಸಿಕೊಂಡವರು ಹಾಯಾಗಿ ಮಲಗಿದ್ದರು. ಕುದಿಯೆಣ್ಣೆ ಹೊಯ್ಯಿಸಿಕೊಂಡವರು ಜ್ವರದಿಂದ, ಊತದಿಂದ ನರಳುತ್ತಿದ್ದರು.

ಗಾಯವನ್ನು ಮಾಯಿಸುವವನು ವೈದ್ಯನಲ್ಲವೆಂಬುದನ್ನು ವೈದ್ಯರೇ ಒಪ್ಪುತ್ತಾರೆ. ರಕ್ತ ಹೆಪ್ಪುಗಟ್ಟುವುದು, ಸುತ್ತಲೂ ಕೆಂಪಾಗಿ ಊದುವುದು, ಒಳಗಿನಿಂದ ಎಳೆಯ ಮಾಂಸ ತುಂಬಿಬರುವುದು, ಮೇಲೆ ಚರ್ಮ ಕೂಡುವುದು, ಇವೆಲ್ಲ ಮೈ ತಾನೇ ಮಾಡಿಕೊಳ್ಳುವ ಕೆಲಸ. ಮಣ್ಣನ್ನು ತೊಳೆದು, ಅಂಚುಗಳನ್ನು ಸೇರಿಸಿ, ನೊಣ ಕೂರದಂತೆ ಕಟ್ಟುವುದಷ್ಟೇ ಹೊರಗಿನವರದು. ಮನಸ್ಸಿನ ವಿಷಯದಲ್ಲಿಯೂ ಹಾಗೆಯೇ ಎಂಬುದಕ್ಕೆ ಈಗ ಸಾಕ್ಷ್ಯವಿದೆ. ಅಮೆರಿಕದ ಜಾರ್ಜ್ ಬೊನಾನೊ ೨೦೦೪ರಲ್ಲಿ ತಾನೂ ಇತರರೂ ನಡೆಸಿದ್ದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆಪ್ತರ ಸಾವಿನ ಅಥವಾ ಘೋರ ಅನುಭವದ ಬಳಿಕ ಹೆಚ್ಚು ಸಾಮಾನ್ಯವಾಗಿ ಕಂಡುಬಂದ ಗತಿಯು ಕುಸಿತವಲ್ಲ; ದುಃಖಪಡುತ್ತಲೇ ದಿನದ ಕೆಲಸವನ್ನು ನಡೆಸಿಕೊಂಡು ಹೋಗುವ ಶಕ್ತಿ. ದುಃಖಕ್ಕೆ ಐದು ಮೆಟ್ಟಿಲುಗಳಿವೆ, ಪ್ರತಿಯೊಬ್ಬರೂ ಅವನ್ನು ವರಸೆಯಾಗಿ ಹತ್ತಲೇಬೇಕು ಎಂಬ ಮಾತು ವಿದ್ಯಾವಂತರಲ್ಲಿ ಬಹಳ ಬಳಕೆಯಲ್ಲಿದೆ. ಎಲಿಸಬೆತ್ ಕ್ಯೂಬ್ಲರ್-ರಾಸ್ ೧೯೬೯ರಲ್ಲಿ ಆ ಐದನ್ನು ಹೇಳಿದುದು ಸಾಯುತ್ತಿರುವ ರೋಗಿಗಳ ವಿಷಯವಾಗಿ. ಉಳಿದವರ ಮೇಲೆ ಅದನ್ನು ಆಮೇಲೆ ಹೊರಿಸಿದರು. ಗಂಡ ಸತ್ತ ಮೂರನೆಯ ವಾರ ಯಾವುದೋ ಮಾತಿಗೆ ನಕ್ಕ ಹೆಣ್ಣುಮಗಳು, ತನ್ನಲ್ಲಿ ಏನೋ ಕೆಟ್ಟುಹೋಗಿದೆಯೆಂದು ಹೆದರಬೇಕಾಗಿಲ್ಲ. ನಗು ಬರುತ್ತದೆ, ಮರುಗಳಿಗೆಯಲ್ಲಿ ಅಳುವೂ ಬರುತ್ತದೆ.

ಈ ಶಕ್ತಿಗೆ ಈಚೆಗೆ ಸ್ಥಿತಿಸ್ಥಾಪಕತ್ವವೆಂದು ಹೆಸರಿಟ್ಟವರುಂಟು. ಭೌತಶಾಸ್ತ್ರದಲ್ಲಿ ರಬ್ಬರಿಗೆ ಹೇಳುವ ಮಾತು ಅದು. ಎಳೆದು ಬಿಟ್ಟರೆ ರಬ್ಬರು ಮೊದಲಿನಂತಾಗುತ್ತದೆ, ಮನುಷ್ಯನು ಆಗುವುದಿಲ್ಲ. ಮಾಯ್ದ ಗಾಯದ ಚರ್ಮಕ್ಕೂ ಮೊದಲಿನ ಬಲದಲ್ಲಿ ನೂರಕ್ಕೆ ಸುಮಾರು ೮೦ರಷ್ಟು ಮಾತ್ರ ಮರಳುವುದಂತೆ. ನಮ್ಮ ಚೇತರಿಕೆ ಎಂಬ ಮಾತೇ ಹೆಚ್ಚು ಸತ್ಯವಾದುದು: ಅದರಲ್ಲಿ ಚೇತನ ಮರಳಿತೆಂಬ ಅರ್ಥವಿದೆ, ಆಕಾರ ಮರಳಿತೆಂಬ ಅರ್ಥವಿಲ್ಲ.

ಹಾಗಾದರೆ ಗಾಯಕ್ಕೆ ಕಟ್ಟುವ ಬಟ್ಟೆ ಯಾವುದು? ಹವಾಯಿ ದ್ವೀಪಸಮೂಹದ ಕೌಆಯಿಯಲ್ಲಿ ೧೯೫೫ರಲ್ಲಿ ಹುಟ್ಟಿದ ೬೯೮ ಮಕ್ಕಳನ್ನು ಎಮಿ ವರ್ನರ್ ಎಂಬಾಕೆಯೂ ಆಕೆಯ ಸಂಗಡಿಗರೂ ದಶಕಗಳವರೆಗೆ ಗಮನಿಸುತ್ತ ಬಂದರು. ಬಡತನ, ಮನೆಯ ಜಗಳ, ತಂದೆತಾಯಿಗಳ ಕುಡಿತ ಅಥವಾ ಮನೋರೋಗ, ಇವುಗಳ ನಡುವೆ ಬೆಳೆದ ಮಕ್ಕಳಲ್ಲಿಯೂ ಸುಮಾರು ಮೂರರಲ್ಲೊಂದು ಪಾಲು ದೃಢವಾದ, ಪ್ರೀತಿಯುಳ್ಳ ವಯಸ್ಕರಾದರು. ಅವರ ಬಾಳಿನಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿಯೆಂದರೆ, ನಂಬಬಹುದಾದ ಹಿರಿಯರೊಬ್ಬರು. ತಂದೆತಾಯಿಯೇ ಆಗಬೇಕೆಂದಿಲ್ಲ, ಅಜ್ಜಿ, ಮಾವ, ಶಾಲೆಯ ಉಪಾಧ್ಯಾಯಿನಿ, ನೆರೆಮನೆಯಾಕೆ, ಯಾರಾದರೂ ಸರಿಯೆ.

ನಮ್ಮ ಮನೆಗಳ ಪದ್ಧತಿಯನ್ನು ಈ ಬೆಳಕಿನಲ್ಲಿ ನೋಡಿದರೆ ಅದರಲ್ಲಿ ವಿವೇಕವೂ ಕ್ರೌರ್ಯವೂ ಎರಡೂ ಕಾಣುತ್ತವೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ; ನೆರೆಯವರು ಅಡಿಗೆ ಮಾಡಿ ತರುತ್ತಾರೆ. ಯಾರೂ ಏನನ್ನೂ ಕೇಳಬೇಕಾಗಿಲ್ಲ. ಅನ್ನದ ಪಾತ್ರೆಯೇ ಮಾತು. ಹಳ್ಳಿಯ ಹೆಂಗಸರು ಸತ್ತವರ ಗುಣಗಳನ್ನು ಎಣಿಸಿ ಎಣಿಸಿ ರಾಗವಾಗಿ ಅಳುತ್ತಾರೆ. ಅಳಬೇಕೆಂದಿರುವವರು ಜೊತೆಗೂಡುತ್ತಾರೆ, ಇಲ್ಲದವರು ಕಂಬಕ್ಕೊರಗಿ ಕುಳಿತಿರುತ್ತಾರೆ. ಮೂರನೆಯ ದಿನದ ಹಾಲುತುಪ್ಪ, ಹನ್ನೊಂದನೆಯ ದಿನದ ತಿಥಿ, ಕೆಲವರಲ್ಲಿ ಹದಿಮೂರನೆಯ ದಿನದ ಸಮಾರಾಧನೆ, ತಿಂಗಳಿಗೊಂದು ಮಾಸಿಕ, ವರ್ಷಾಬ್ದಿಕ. ಹೀಗೆ ದುಃಖಕ್ಕೆ ಒಂದು ಪಂಚಾಂಗವಿದೆ. ಹಿರಿಯರ ಹಬ್ಬದಲ್ಲಿ ಸತ್ತವರಿಗೆ ಇಷ್ಟವಾಗಿದ್ದ ತಿಂಡಿಯನ್ನು ಮಾಡಿ ಎಡೆಯಿಡುವಾಗ, “ಅವರಿಗೆ ಖಾರ ಒಂದಿಷ್ಟು ಹೆಚ್ಚಿರಬೇಕಾಗಿತ್ತು” ಎಂದು ಸೊಸೆಯೊಬ್ಬಳು ನಗುತ್ತ ಹೇಳಬಲ್ಲಳು. ಅದು ಒಣ ದುಃಖ. ಹಸಿಯಾಗಿದ್ದಾಗ ಅದೇ ಮಾತನ್ನು ಆಡಲಾಗುತ್ತಿರಲಿಲ್ಲ.

ಆದರೆ ಇದೇ ಪದ್ಧತಿ ಗಂಡ ಸತ್ತವಳ ಕೈಬಳೆಯನ್ನು ಹತ್ತು ಜನರೆದುರಿಗೆ ಒಡೆಯಿಸಿತು. ಕೆಲವು ಜಾತಿಗಳಲ್ಲಿ ತಲೆ ಬೋಳಿಸಿತು. ಮಗಳ ಮದುವೆಯ ಮಂಟಪದಿಂದ ದೂರ ನಿಲ್ಲಿಸಿತು. ಗಾಯದ ಮೇಲೆ ಗಾಯವನ್ನು ಮಾಡಿ ಅದಕ್ಕೆ ಧರ್ಮವೆಂದು ಹೆಸರಿಡುವುದು ಕುದಿಯುವ ಎಣ್ಣೆಗಿಂತ ಕೀಳು. ಎಣ್ಣೆ ಹೊಯ್ದವರು ಗುಣವಾಗಲೆಂದಾದರೂ ಹೊಯ್ಯುತ್ತಿದ್ದರು. ಹಿಂದಿನದೆಲ್ಲ ಒಳ್ಳೆಯದೆಂಬ ಪಕ್ಷಕ್ಕೆ ನಾವು ಸೇರಿದವರಲ್ಲ.

ಪಟ್ಟಣದ ಈಗಿನ ಬಾಳಿನಲ್ಲಿ ಕ್ರೌರ್ಯ ಕಡಮೆಯಾಗಿದೆ, ಪಂಚಾಂಗವೂ ಹೋಗಿದೆ. ಮೂರು ದಿನದ ರಜಾ ಮುಗಿಸಿ ಕಚೇರಿಗೆ ಬಂದವನನ್ನು ನಾಲ್ಕನೆಯ ದಿನದಿಂದ ಯಾರೂ ಕೇಳುವುದಿಲ್ಲ. ನೆರೆಯವರ ಹೆಸರೇ ಗೊತ್ತಿಲ್ಲದ ಮಹಡಿಮನೆಗಳಲ್ಲಿ ಅಡಿಗೆ ತರುವವರು ಯಾರು?

ಕೆಲವು ಗಾಯಗಳು ತಾವಾಗಿ ಮಾಯುವುದಿಲ್ಲ. ಅವಕ್ಕೆ ವೈದ್ಯನೇ ಬೇಕು. ತಿಂಗಳುಗಳು ಕಳೆದರೂ ಅದೇ ದೃಶ್ಯ ಕಣ್ಣೆದುರಿಗೆ ಈಗಲೇ ನಡೆಯುತ್ತಿರುವಂತೆ ಬರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಆ ಸ್ಥಳವನ್ನು, ಆ ಮಾತನ್ನು ತಪ್ಪಿಸಿಕೊಂಡು ತಿರುಗುತ್ತ ಬಾಳೇ ಕಿರಿದಾಗುವುದು, ಕುಡಿತಕ್ಕೆ ಬೀಳುವುದು, ಬದುಕು ಸಾಕೆನ್ನುವುದು, ಇವು ಲಕ್ಷಣಗಳು. ಆಘಾತದ ವ್ಯಾಧಿಯು ೧೯೮೦ರಲ್ಲಿ ಅಮೆರಿಕದ ಮನೋವೈದ್ಯರ ರೋಗಪಟ್ಟಿಗೆ ಸೇರಿತು. ಆರು ತಿಂಗಳಿಗೂ ಮೀರಿ ಬಾಳನ್ನೇ ಕಟ್ಟಿಹಾಕುವ ಶೋಕವು ೨೦೨೨ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಗೆ ಸೇರಿದೆ. ಇಂಥವರಿಗೆ ನುರಿತ ವೈದ್ಯರು ವಾರಕ್ಕೊಮ್ಮೆ, ಸುರಕ್ಷಿತವಾದ ಕೋಣೆಯಲ್ಲಿ, ರೋಗಿಯ ಒಪ್ಪಿಗೆಯಿಂದ, ಆ ನೆನಪನ್ನು ಮೆಲ್ಲಮೆಲ್ಲನೆ ಹೇಳಿಸುತ್ತಾರೆ. ಅದರಿಂದ ಗುಣವೂ ಆಗುತ್ತದೆ. ಮೊದಲ ವಾರ ಬಲವಂತದಿಂದ ಹೇಳಿಸುವುದು ಬೇರೆ, ಇದು ಬೇರೆ. ಬೆಂಗಳೂರಿನಲ್ಲಿ ಮೈಸೂರು ಸರ್ಕಾರವು ನಡೆಸುತ್ತಿದ್ದ ಹುಚ್ಚಾಸ್ಪತ್ರೆಗೆ ೧೯೨೫ರಲ್ಲಿ ಆ ಹೆಸರನ್ನು ತೆಗೆದು ಮಾನಸಿಕ ಆಸ್ಪತ್ರೆಯೆಂದು ಕರೆದರು. ೧೯೭೪ರಲ್ಲಿ ಅದು ನಿಮ್ಹಾನ್ಸ್ ಸಂಸ್ಥೆಯಲ್ಲಿ ಸೇರಿತು. ೧೯೮೧ರಲ್ಲಿ ಅದೇ ನಗರದಲ್ಲಿ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ಬಹು ಮಂದಿ ಮಕ್ಕಳು ಸತ್ತಾಗ, ಉಳಿದ ಮನೆಯವರ ಶೋಕವನ್ನು ವಿಚಾರಿಸಿ ಬರೆದಿಟ್ಟವರು ಅಲ್ಲಿಯ ವೈದ್ಯರೇ. ೨೦೨೨ರ ಅಕ್ಟೋಬರಿನಲ್ಲಿ ಪ್ರಾರಂಭವಾದ ಟೆಲಿಮಾನಸ್ ಎಂಬ ಸರ್ಕಾರದ ಸಹಾಯವಾಣಿಗೆ ೧೪೪೧೬ ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಹೆಸರು ಬದಲಾಗಿ ನೂರು ವರ್ಷವಾದರೂ ಆ ಬಾಗಿಲಿಗೆ ಹೋಗಲು ನಮ್ಮ ಜನ ನಾಚುತ್ತಾರೆ. ಕಾಲು ಮುರಿದವನು ನಾಚುವುದಿಲ್ಲ.

ಇನ್ನು ಹೊಸ್ತಿಲ ಬಳಿ ನಿಂತಿದ್ದ ನಮ್ಮ ಮಾತಿಗೆ ಬರೋಣ. ಒಳಗೆ ಹೋಗಿ ಏನು ಹೇಳಬೇಕೆಂಬುದಕ್ಕಿಂತ ಎಲ್ಲಿ ಕೂರಬೇಕೆಂಬುದನ್ನು ಯೋಚಿಸುವುದು ಮೇಲು. ಹತ್ತಿರ ಕೂರಬೇಕು. ಅವರು ಮಾತೆತ್ತಿದರೆ ಕೇಳಬೇಕು, ಅದೇ ಮಾತನ್ನು ಏಳನೆಯ ಸಲ ಹೇಳಿದರೂ ಕೇಳಬೇಕು; ಮಾತೆತ್ತದಿದ್ದರೆ ಕೆದಕಬಾರದು. ಮನೆಯ ಮಕ್ಕಳನ್ನು ಶಾಲೆಗೆ ಬಿಡುವವರಾರು, ಬ್ಯಾಂಕಿನ ಕಾಗದಕ್ಕೆ ಓಡಾಡುವವರಾರು ಎಂದು ವಿಚಾರಿಸಿ, ಅದರಲ್ಲಿ ಒಂದನ್ನು ವಹಿಸಿಕೊಳ್ಳಬೇಕು. ಮುಖ್ಯವಾಗಿ, ತಿಥಿಯ ಊಟ ಮುಗಿಸಿಕೊಂಡು ಬಂದ ಮೇಲೆ, ಮೂರನೆಯ ತಿಂಗಳಲ್ಲಿ ಒಂದು ಸಂಜೆ, ಬೇರೆ ಯಾರೂ ಬರುವುದನ್ನು ನಿಲ್ಲಿಸಿರುವಾಗ, ಮತ್ತೊಮ್ಮೆ ಹೋಗಬೇಕು. ಸತ್ತವರ ಹೆಸರನ್ನು ನಾವೇ ಎತ್ತಿ, ಅವರನ್ನು ಕುರಿತು ನಮಗೆ ನೆನಪಿರುವ ಸಣ್ಣ ಸಂಗತಿಯೊಂದನ್ನು ಹೇಳಿ, ಕಾಫಿ ಕೊಟ್ಟರೆ ಕುಡಿದು ಬರಬೇಕು.